ಎರಡು ಚುಕ್ಕಿ ಇಟ್ಟವರಿಗೆ

ಗೋಡೆಯೂರು, ಆಟಿ ತಿಂಗಳ ಇಪ್ಪತ್ತೆಂಟನೆಯ ದಿನ, ೨೬೧೭

ಹೆಸರು ಗೊತ್ತಿಲ್ಲದ ಹಿರಿಯರಿಗೆ ಅಂಬುಜಾಕ್ಷಿ ಮೊಗೇರಳ ನಮಸ್ಕಾರ. ನನ್ನ ಕನ್ನಡ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನಿಮ್ಮದನ್ನು ಓದಲು ನಾನೂ ಸಾಕಷ್ಟು ಒದ್ದಾಡಿದ್ದೇನೆ.

ಗೋಡೆಯೂರು ಅಂದರೆ ಕಡಲಿಗಿಂತ ತಗ್ಗಿನಲ್ಲಿ, ಸುತ್ತ ಗೋಡೆ ಕಟ್ಟಿಕೊಂಡು ಬದುಕುವ ಊರು. ಬಂಗುಡೆ ಒಣಗಿಸಲು ಗೋಡೆಯ ತಲೆಗೆ ಹತ್ತಬೇಕು. ಅಂಗಳದಲ್ಲಿ ನಿಂತರೆ ದೋಣಿಯ ಹಾಯಿಗಳು ಸೂರಿಗಿಂತ ಮೇಲೆ ಕಾಣುತ್ತವೆ. ನೀರು ತಡೆಯುವ ಗೇಟು ತಾನಾಗಿ ಏರಿ ಇಳಿಯುತ್ತದೆ. ಅದರ ಪ್ರೋಗ್ರಾಮನ್ನು ಅದನ್ನು ಕಟ್ಟುವ ಕ್ರಮ ಬರೆದು ನೀವು ಬಿಟ್ಟುಹೋದ ಕಟ್ಟೋಲೆಯಿಂದ, ನಿಮ್ಮ ಬಾಯಲ್ಲಿ ಬಿಲ್ಡ್ ಫೈಲಿನಿಂದ, ಪ್ರತಿ ಮಳೆಗಾಲಕ್ಕೆ ಮೊದಲು ಹೊಸದಾಗಿ ಕಟ್ಟುತ್ತೇವೆ. ಹಿರಿಯರ ಸಾಲನ್ನು ಅಳಿಸಬಾರದು, ಹೊಸದನ್ನು ಕೆಳಗೆ ಸೇರಿಸಬೇಕು ಎಂಬುದು ಇಲ್ಲಿನ ಕಟ್ಟಳೆ.

ಕಡಲು ಏರಿತು. ಕಡಲಮಟ್ಟದ ಹೊಸ ಅಂಕಿಯನ್ನು ಕೆಳಗೆ ಬರೆದೆವು. ಜೋರಾಗಿ ಹೇಳಿದರೆ ಕೇಳೀತು ಎಂಬಂತೆ ಅದೇ ಸಾಲನ್ನು ಮತ್ತೆ ಮತ್ತೆ ಬರೆದೆವು. ಜಪ್ಪಯ್ಯ ಅಂದರೂ ಗೇಟು ಹಳೆಯ ಎತ್ತರದಿಂದ ಅಲುಗಲಿಲ್ಲ. ದೊಡ್ಡ ಉಬ್ಬರಕ್ಕೆ ಮೊದಲು ಊರು ಬಿಡುವುದೆಂದು ಸಭೆ ತೀರ್ಮಾನಿಸಿತು. ಅಮ್ಮ ಪಾತ್ರೆಗಳನ್ನು ಗೋಣಿಗೆ ತುಂಬತೊಡಗಿದಳು.

ಆಗ ನಿಮ್ಮ ಸಾಲುಗಳನ್ನು ಮೊದಲಿನಿಂದ ಓದಿದೆ. ಬರೇ ಸಮ ಚಿಹ್ನೆ ಇದ್ದಲ್ಲಿ ಯಂತ್ರ ಅದರ ಬೆಲೆಯನ್ನು ಎಲ್ಲ ಸಾಲು ಓದಿದ ಮೇಲೆ, ಬೇಕಾದಾಗ ಮಾತ್ರ ಹುಡುಕುತ್ತದೆ. ಹಾಗಾಗಿ ಕೊನೆಗೆ ಹೇಳಿದವರ ಮಾತು ನಡೆಯುತ್ತದೆ. ಗೇಟಿನ ಎತ್ತರ ಲೆಕ್ಕ ಹಾಕುವ ಸಾಲಿನಲ್ಲಿ ಮಾತ್ರ ಆ ಚಿಹ್ನೆಯ ಎಡಕ್ಕೆ ನೀವು ಒಂದರ ಮೇಲೊಂದು ಎರಡು ಚುಕ್ಕಿ ಇಟ್ಟಿದ್ದಿರಿ. ಚುಕ್ಕಿ ಇದ್ದರೆ ಆ ಸಾಲು ಓದಿದ ಕ್ಷಣವೇ ಲೆಕ್ಕ ಮುಗಿದು ಗಟ್ಟಿಯಾಗುತ್ತದೆ. ಆ ಕ್ಷಣಕ್ಕೆ ಅದಕ್ಕೆ ಗೊತ್ತಿದ್ದದ್ದು ಮೇಲೆ ಬರೆದಿದ್ದ ನಿಮ್ಮ ಕಾಲದ ಕಡಲು. ನಮ್ಮದು ಕೆಳಗಿತ್ತು.

ಚುಕ್ಕಿ ಅಳಿಸಬೇಕು ಎಂದಾಗ ಸಭೆ ಕೆಂಡಾಮಂಡಲವಾಯಿತು. ಗೇಟು ಕಾಯುವ ಮುದುಕ ದೇವಪ್ಪ ಖಾರ್ವಿ ಎದ್ದು ನಿಂತರು. "ಹಿರಿಯರ ಚುಕ್ಕಿ ಉಳಿಸ್ಲಿಕ್ಕೆ ಹಿರಿಯರ ಊರು ಮುಳುಗಿಸುವುದಾ ಮಾರಾಯ್ರೆ? ಅಳಿಸು ಮಗಳೇ, ಬೈಗುಳ ನನಗಿರಲಿ."

ಅಳಿಸಿದೆ. ಮತ್ತೆ ಕಟ್ಟಿದೆವು. ಗೇಟು ಗರಗರ ಎನ್ನುತ್ತ ಏರಿತು, ಏರುತ್ತಲೇ ಹೋಯಿತು. ಉಬ್ಬರ ಬಂತು, ಬಡಿಯಿತು, ಬಂದ ದಾರಿಗೆ ಸುಂಕವಿಲ್ಲದೆ ಹಿಂದೆ ಹೋಯಿತು. ಊರಿಗೆ ಊರೇ ಗೋಡೆ ಹತ್ತಿ ಕುಣಿಯಿತು. ಮುಖ ಗಂಟಿಕ್ಕಿಕೊಂಡಿದ್ದ ಸಭಾಧ್ಯಕ್ಷರೂ ಕುಣಿದರು. ಅಮ್ಮ ಗೋಣಿ ಬಿಚ್ಚಿ ಅನ್ನಕ್ಕಿಟ್ಟಳು. ನನಗೆ ಅಷ್ಟು ಸಂತೋಷ ಹಿಂದೆಂದೂ ಆಗಿರಲಿಲ್ಲ.

ನಿಮ್ಮ ಮೇಲೆ ಸಿಟ್ಟಿಲ್ಲ. ಬದಲಾಗಬಾರದ್ದಕ್ಕೆ ಚುಕ್ಕಿ ಇಡಿ, ತಪ್ಪಲ್ಲ. ಆದರೆ ನಮ್ಮ ಕಾಲದ ಕಡಲು ಎಷ್ಟು ಎತ್ತರವೆಂದು ನಿಮಗೆ ಗೊತ್ತಾಗುವ ಹಾಗಿಲ್ಲ. ಅಲ್ಲಿ ಕೊನೆಯ ಮಾತು ನಮಗೆ ಬಿಡಿ. ನಾವು ಇಲ್ಲೇ ಇರುತ್ತೇವೆ.