ತೊಳೆದಿಟ್ಟ ಮುಚ್ಚಳಗಳು

ಭಾನುವಾರ, ಏಪ್ರಿಲ್ 6

ಪ್ರೀತಿಯ ಇರುವೆಗೆ,

ಅರವತ್ತು ತುಂಬಿದ ವಿಜ್ಞಾನಿಯನ್ನು ಹೀಗೆಲ್ಲ ಕರೆಯಬಹುದೇ ಎಂದು ನಿನ್ನ ಭಾವ ಕೇಳಿದರು. ನೆಲ ನೋಡುತ್ತಾ ನಡೆದು ದೀಪದ ಕಂಬಕ್ಕೆ ಹಣೆ ಚಚ್ಚಿಕೊಂಡವಳಿಗೆ ಆ ಹೆಸರಿಟ್ಟವಳೇ ನಾನು. ಅಕ್ಕನ ಹಕ್ಕು, ಬಿಡುವುದಿಲ್ಲ.

ಶುಕ್ರವಾರದ ಬೀಳ್ಕೊಡುಗೆಯ ಆಮಂತ್ರಣ ಬಂತು. ಜೊತೆಗೆ ನಿನ್ನ ಭಾಷಣದ ಪ್ರತಿ ಕಳಿಸಿ, ಅರ್ಥವಾಗದ ಕಡೆ ಗೆರೆ ಎಳೆ ಎಂದಿದ್ದೀಯ. ಒಂದೇ ಕಡೆ ಎಳೆದಿದ್ದೇನೆ, ಅದೂ ಚೆನ್ನಾಗಿ ಅರ್ಥವಾಗಿದ್ದಕ್ಕೆ. ಮೂರನೆಯ ಪುಟದಲ್ಲಿ ಪೈನ್ ಮರದ ಪ್ರಸಂಗ ಬರೆದು, ಅದು ಪೂರ್ತಿ ನಿನ್ನದೇ ಅಜಾಗರೂಕತೆ ಎಂದಿದ್ದೀಯಲ್ಲ, ಆ ಸಾಲು. ಅದನ್ನು ನೀನು ಮುನ್ನೂರು ಜನರ ಮುಂದೆ ಓದಬಾರದು. ಯಾಕೆಂದು ಹೇಳುತ್ತೇನೆ. ಆದರೆ ಹೊಗಳಿಕೆಯನ್ನು ಮೊದಲು ಮುಗಿಸಿಬಿಡುತ್ತೇನೆ, ಆಮೇಲೆ ಹೊಗಳಿದರೆ ಲಂಚದ ಹಾಗೆ ಕಾಣುತ್ತದೆ.

ನೀನು ಕೆರೆಯ ಕೆಸರು ತುಂಬಿದ ಕೊಳವೆಗಳನ್ನು ಹೊತ್ತು ಮೊದಲ ಸಲ ಮನೆಗೆ ಬಂದಾಗ ಅಮ್ಮ, "ಇಷ್ಟು ಓದಿ ಕೊನೆಗೆ ಮಣ್ಣು ಹೊರೋ ಕೆಲಸನಾ?" ಅಂದಿದ್ದಳು. ನಾನೂ ನಕ್ಕಿದ್ದೆ. ಮರುವಾರ ನೀನು ನನ್ನನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದೆ. ಎಂಟು ಸಾವಿರ ವರ್ಷ ಕೆರೆಯ ತಳದಲ್ಲಿ ಹೂತಿದ್ದ ಹೂವಿನ ಪರಾಗ! ಒಂದಕ್ಕೆ ಮುಳ್ಳು, ಒಂದಕ್ಕೆ ಜಾಲರಿ, ಇನ್ನೊಂದು ನುಣ್ಣಗೆ. "ಮರ ಹೋಗುತ್ತೆ, ಎಲೆ ಕೊಳೆಯುತ್ತೆ, ಇದೊಂದು ಉಳಿಯುತ್ತೆ ಅಕ್ಕಾ. ಎಣಿಸಿದ್ರೆ ಆಗ ಇಲ್ಲಿ ಕಾಡಿತ್ತಾ ಹುಲ್ಲಿತ್ತಾ ಗೊತ್ತಾಗುತ್ತೆ" ಅಂದೆ. ಕೆಸರಿನ ಒಂದು ಪದರಕ್ಕೆ ಐನೂರು ಕಣದಂತೆ ಮೂವತ್ತೈದು ವರ್ಷ ಎಣಿಸಿದೆ. ಕತ್ತು ಹಿಡಿದುಕೊಂಡಿತು, ಕನ್ನಡಕ ದಪ್ಪವಾಯಿತು. ಗುರುತು ಸಿಗದ ಕಣವನ್ನು 'ಗೊತ್ತಿಲ್ಲ' ಎಂಬ ಪಟ್ಟಿಗೆ ಸೇರಿಸುತ್ತಿದ್ದೆ. ಏನಾದರೂ ಒಂದು ಹೆಸರು ಬರೆದುಬಿಡು ಎಂದು ದೊಡ್ಡವರು ಒತ್ತಾಯಿಸಿದರೂ ಜಗ್ಗಲಿಲ್ಲ. ಗೊತ್ತಿಲ್ಲ ಎನ್ನಲು ಎಷ್ಟು ಧೈರ್ಯ ಬೇಕೆಂದು ನಾನು ಕಲಿತದ್ದು ನನಗಿಂತ ಆರು ವರ್ಷ ಚಿಕ್ಕವಳಿಂದ. ನಿನ್ನ ಬಗ್ಗೆ ನನಗಿರುವ ಹೆಮ್ಮೆ ಹೇಳಿ ಮುಗಿಯುವುದಿಲ್ಲ.

ಇನ್ನು ನನ್ನ ಕಥೆ. ಹದಿನೆಂಟು ವರ್ಷದ ಹಿಂದೆ, ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯಬೇಕಿದ್ದ ದಿನ, ನಿನ್ನನ್ನು ಕರೆಯಲು ಪ್ರಯೋಗಾಲಯಕ್ಕೆ ಬಂದೆ. ನೀನು ಮೀಟಿಂಗಿನಲ್ಲಿದ್ದೆ. ಕಾವಲುಗಾರ ಒಳಗೆ ಕೂರಿಸಿ, "ಏನೂ ಮುಟ್ಬೇಡಿ ಅಮ್ಮಾ" ಎಂದು ಹೇಳಿಯೇ ಹೋದ. ಒಂದು ಗಂಟೆ ಸುಮ್ಮನೆ ಕೂರುವ ಜೀವವೇ ನನ್ನದು? ಸೆಕೆ ಎಂದು ಕಿಟಕಿ ತೆಗೆದೆ. ಮೇಜಿನ ಮೇಲೆ ಹನ್ನೆರಡು ಬಟ್ಟಲು ಕೆಸರು, ಅವುಗಳ ಮುಚ್ಚಳಗಳೋ ನೋಡಲಾಗದಷ್ಟು ಕೊಳಕು. ಎಲ್ಲವನ್ನೂ ತೆಗೆದು, ನಲ್ಲಿಯಲ್ಲಿ ಉಜ್ಜಿ ತೊಳೆದು, ಬೋರಲು ಹಾಕಿ, ಆರಿದ ಮೇಲೆ ಮುಚ್ಚಿಟ್ಟೆ. ಅಷ್ಟು ಹೊತ್ತೂ ಬಟ್ಟಲುಗಳು ತೆರೆದೇ ಇದ್ದವು. ಕಿಟಕಿಯಾಚೆ ಪೈನ್ ಮರಗಳ ಸಾಲು. ನನ್ನ ಕಪ್ಪು ಚೀಲದ ಮೇಲೆ ಕೂತಿದ್ದ ಹಳದಿ ಪುಡಿಯನ್ನು ಹೊರಡುವಾಗ ಕೊಡವಿಕೊಂಡೆ. ನಿನಗೆ ಹೇಳಲಿಲ್ಲ, ಅವಳೇ ನೋಡಿ ಖುಷಿಪಡಲಿ ಎಂದು.

ಆ ಬಟ್ಟಲುಗಳಲ್ಲೇ ನಿನಗೆ ಪೈನ್ ಪರಾಗ ಸಿಕ್ಕಿತು. ಬರೀ ಹುಲ್ಲುಗಾವಲಿತ್ತೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಕಾಡು! ಪತ್ರಿಕೆಗಳಲ್ಲಿ ನಿನ್ನ ಫೋಟೋ ಬಂತು. ಮರುವರ್ಷ, ಯಾರೂ ಕೇಳದೆ, ಕಾಯ್ದಿಟ್ಟಿದ್ದ ಅದೇ ಕೆಸರಿನ ಇನ್ನರ್ಧವನ್ನು ನೀನೇ ಮತ್ತೆ ಎಣಿಸಿದೆ. ಒಂದೇ ಒಂದು ಪೈನ್ ಕಣ ಇರಲಿಲ್ಲ. ಹೊರಗಿನ ಧೂಳು ಬೆರೆತಿದೆ, ತಪ್ಪು ನನ್ನದು ಎಂದು ಬರೆದು, ಪ್ರಕಟವಾಗಿದ್ದ ಪ್ರಬಂಧವನ್ನು ಹಿಂದಕ್ಕೆ ಪಡೆದೆ. ಮುಖ್ಯಸ್ಥೆಯ ಹುದ್ದೆಯ ವಿಷಯದಲ್ಲಿ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ನೀನು ಊಟಕ್ಕೆ ಕೂತು ಇದನ್ನೆಲ್ಲ ಹೇಳುತ್ತಿದ್ದಾಗಲೇ ಆ ಹಳದಿ ಪುಡಿ ಏನೆಂದು ನನಗೆ ಹೊಳೆಯಿತು. ಹೆದರಿದೆ ಕಣೇ. ನೀನು ಮಾತು ಬಿಟ್ಟರೆ ನನಗೆ ಇನ್ಯಾರಿದ್ದಾರೆ? ಯಾರೂ ಹಿಡಿಯದ ತಪ್ಪನ್ನು ನೀನು ಊರಿಗೆಲ್ಲ ಸಾರಿದೆ, ನಾನು ಬಾಯಿಗೆ ಬೀಗ ಹಾಕಿಕೊಂಡೆ. ಈಗಲಾದರೂ ಆ ಸಾಲನ್ನು ಹೊಡೆದುಹಾಕಿ ನನ್ನ ಹೆಸರು ಬರೆ. ಆಮೇಲೆ ನೀನು ಏನಂದರೂ ಅನ್ನಿಸಿಕೊಳ್ಳುತ್ತೇನೆ.

ಕ್ಷಮೆ ಕೇಳಲು ಮುಖವಿಲ್ಲದ,
ನಿನ್ನ ಅಕ್ಕ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದನ್ನು ನಿನ್ನ ಭಾವನಿಗೆ ಓದಿಸಿದೆ. ಅವರು ಕನ್ನಡಕ ತೆಗೆದಿಟ್ಟು, "ಅವಳಿಗೆ ಆಗ್ಲೇ ಗೊತ್ತಿತ್ತು" ಅಂದರು. ಅವತ್ತು ನಾನು ಒಂದು ಗಂಟೆ ಒಳಗಿದ್ದೆನೆಂದು ಕಾವಲುಗಾರ ನಿನಗೆ ಹೇಳಿದ್ದನಂತೆ. ಅಕ್ಕ ಒಂದು ಗಂಟೆ ಏನನ್ನೂ ತೊಳೆಯದೆ ಕೂತಿರಲು ಸಾಧ್ಯವೇ ಇಲ್ಲವೆಂದು ನೀನು ಅವರ ಹತ್ತಿರ ನಕ್ಕೆಯಂತೆ. "ಅವಳಿಗೆ ಹೇಳ್ಬೇಡಿ ಭಾವ, ಆಮೇಲೆ ನನ್ನ ಮನೆಗೆ ಬಂದ್ರೂ ಕೈ ಕಟ್ಕೊಂಡು ಕೂತ್ಬಿಡ್ತಾಳೆ" ಅಂದೆಯಂತೆ. ಪ್ರಬಂಧ ಹಿಂದಕ್ಕೆ ಪಡೆದ ಆ ತಿಂಗಳೇ ಅಲ್ಲವೇನೇ, ನೀನು ನಿನ್ನ ಮನೆಯ ಬೀಗದ ಕೈಯನ್ನು ನನಗೆ ಕೊಟ್ಟದ್ದು? ಭಾಷಣ ಹೇಗಿದೆಯೋ ಹಾಗೇ ಓದು. ಆ ಸಾಲು ಬಂದಾಗ ನಾನು ಎದ್ದು ನಿಲ್ಲುತ್ತೇನೆ, ಉಳಿದದ್ದನ್ನು ನಾನೇ ಹೇಳುತ್ತೇನೆ.