ನಲವತ್ತೊಂದನೆಯ ಪುಟ

ಮಾರ್ಚ್ ೧೧

ಪ್ರೀತಿಯ ಅಕ್ಕನಿಗೆ,

ನಿನ್ನ ಪುಟ್ಟಿಯ ನಮಸ್ಕಾರಗಳು. ಕಣ್ಣಿನ ಆಪರೇಷನ್ ಆದಮೇಲೆ ಸಣ್ಣ ಅಕ್ಷರ ಓದುವುದು ಕಷ್ಟ ಅಂತ ಬರೆದಿದ್ದೆಯಲ್ಲ, ಅದಕ್ಕೇ ಇಷ್ಟು ದಪ್ಪ ದಪ್ಪ ಬರೆಯುತ್ತಿದ್ದೇನೆ. ಒಂದನೇ ಕ್ಲಾಸಿನ ಕಾಪಿ ಪುಸ್ತಕದ ಹಾಗಿದೆ ಅಂತ ನಗಬೇಡ.

ನಿನ್ನ ಪತ್ರ ಬಂದು ನಾಲ್ಕು ತಿಂಗಳಾಯಿತು. ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೆ. ಸ್ಟೇಪ್ಲರ್ ತೆಗೆಯುವಾಗಲೆಲ್ಲ ಕಾಣುತ್ತಿತ್ತು, ಕಂಡಾಗಲೆಲ್ಲ ಡ್ರಾಯರು ಮುಚ್ಚುತ್ತಿದ್ದೆ. ಪುರುಸೊತ್ತೇ ಸಿಗಲಿಲ್ಲ ಅಂತ ಬರೆಯಬಹುದು. ಬರೆದರೆ ನೀನು ನಂಬುವುದಿಲ್ಲ. ಚಿಕ್ಕಂದಿನಿಂದಲೂ ನಿನ್ನ ಹತ್ತಿರ ನನ್ನ ಒಂದು ಸುಳ್ಳೂ ನಡೆದಿಲ್ಲ. ನಾಚಿಕೆಯಾಗಿತ್ತು, ಅಷ್ಟೆ. ನಿನ್ನ ಮೊಮ್ಮಗಳ ಹುಟ್ಟುಹಬ್ಬದ ದಿನ ಅಂಥ ಮಾತಾಡಿ, ಎರಡು ವರ್ಷ ಫೋನನ್ನೂ ಮಾಡದೆ, ಯಾವ ಮುಖ ಇಟ್ಟುಕೊಂಡು ಉತ್ತರ ಬರೆಯಲಿ?

ಆ ಮಾತನ್ನು ಇಲ್ಲಿ ಬರೆದೇ ಬಿಡುತ್ತೇನೆ. ನುಂಗಿಕೊಂಡು ನುಂಗಿಕೊಂಡು ಸಾಕಾಗಿದೆ. ಭಾವ ಹೋಗಿ ಆಗಷ್ಟೇ ವರ್ಷ ತುಂಬಿತ್ತು. ನಮ್ಮವರು ಕೇಕಿನ ತಟ್ಟೆ ಹಿಡಿದುಕೊಂಡು ನಿನ್ನ ಹತ್ತಿರ ಬಂದು, "ಭಾವ ಎಲ್ಲಿ, ಕಾಣಿಸ್ತಾನೇ ಇಲ್ವಲ್ಲ?" ಅಂದರು. ನೀನು ಮುಖದಲ್ಲಿ ಏನೂ ತೋರಿಸದೆ, "ಬರ್ತಾರೆ, ನೀವು ತಿನ್ನಿ" ಅಂದೆ. ಆಮೇಲೆ ನನ್ನನ್ನು ಅಡುಗೆಮನೆಗೆ ಕರೆದು, "ಪುಟ್ಟಿ, ಇವರನ್ನ ಒಂದ್ಸಲ ಡಾಕ್ಟರಿಗೆ ತೋರಿಸೇ" ಅಂದೆ. ಅದಕ್ಕೆ ನಾನು, "ನಿನ್ನ ಗಂಡ ಹೋದ ಅಂತ ನನ್ನ ಗಂಡನಿಗೂ ಕಾಯಿಲೆ ಅಂಟಿಸ್ಬೇಡ" ಅಂದೆ. ನೀನು ಕೈ ಒರೆಸಿಕೊಂಡು ಹೊರಗೆ ಹೋದೆ. ಆರು ತಿಂಗಳ ಮೇಲೆ ಡಾಕ್ಟರು ಮರೆವಿನ ಕಾಯಿಲೆ ಅಂದರು. ನೀನು ಕೇಕಿನ ತಟ್ಟೆ ನೋಡಿ ಹೇಳಿದ್ದನ್ನು ಅವರು ಸ್ಕ್ಯಾನು ನೋಡಿ ಹೇಳಿದರು. ತಪ್ಪಾಯಿತು ಅಕ್ಕ. ಕ್ಷಮಿಸು ಅನ್ನುವುದಕ್ಕೂ ಬಾಯಿ ಬರುತ್ತಿಲ್ಲ.

ಇವರು ಹೇಗಿದ್ದಾರೆ ಅಂತ ಕೇಳಿದ್ದೀಯ. ಇದ್ದಾರೆ. ಬೆಳಿಗ್ಗೆ ಎದ್ದು ಶೇವ್ ಮಾಡಿಕೊಳ್ಳುತ್ತಾರೆ, ಕೆಲವು ದಿನ ಎರಡೆರಡು ಸಲ. ಪೇಪರನ್ನು ಗಟ್ಟಿಯಾಗಿ ಓದುತ್ತಾರೆ, ಓದು ಒಂದು ಚೂರೂ ಹೋಗಿಲ್ಲ. ಓದಿದ್ದು ನಿಲ್ಲುವುದಿಲ್ಲ. ಆರು ತಿಂಗಳಿಂದ ನನ್ನನ್ನು "ನೀವು" ಅನ್ನುತ್ತಾರೆ. "ನೀವು ಕಾಫಿ ಕುಡಿದ್ರಾ?" ಅಂತಾರೆ. ಮೂವತ್ತೈದು ವರ್ಷ "ಏನೇ", "ಕಣೇ" ಅಂತ ಕೂಗಿಸಿಕೊಂಡವಳಿಗೆ ಈ ವಯಸ್ಸಿನಲ್ಲಿ ಮರ್ಯಾದೆ ಸಿಕ್ಕಿದೆ. ಮೊದಲ ದಿನ ಅಡುಗೆಮನೆಗೆ ಹೋಗಿ ನಿಂತೆ. ಅಳು ಬರುತ್ತದೆ ಅಂತ ಕಾದೆ. ಬರಲಿಲ್ಲ. ಸೊಪ್ಪು ಬಿಡಿಸಿದೆ.

ನನಗೆ ಏನಾಗಿದೆಯೋ ಗೊತ್ತಿಲ್ಲ ಅಕ್ಕ. ನಾನು ಪಾಠ ಮಾಡುವ ಕ್ಲಾಸಿನಲ್ಲಿ ಒಬ್ಬ ಹಲ್ಲಿನ ಡಾಕ್ಟರು ಇದ್ದಾರೆ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟ ಮೇಲೆ ಜನ ತಮ್ಮ ತುಟಿಯನ್ನೇ ಕಚ್ಚಿಕೊಳ್ಳುತ್ತಾರಂತೆ, ರಕ್ತ ಬಂದರೂ ಗೊತ್ತಾಗುವುದಿಲ್ಲವಂತೆ. ನಾನೂ ಹಾಗೇ ಓಡಾಡಿಕೊಂಡಿದ್ದೇನೆ. ಊಟ ಸೇರುತ್ತದೆ, ನಿದ್ದೆ ಬರುತ್ತದೆ. ಕೇಳಿದವರಿಗೆಲ್ಲ ಚೆನ್ನಾಗಿದ್ದೇನೆ ಅನ್ನುತ್ತೇನೆ.

ಕ್ಲಾಸು ಬಿಟ್ಟಿಲ್ಲ. "ಕತೆ ಬರೆಯೋದನ್ನೂ ಕಲಿಸ್ತಾರೇನೇ? ನಾಳೆ ಆಕಳಿಸೋದಕ್ಕೂ ಕ್ಲಾಸು ಇಡ್ತೀರ" ಅಂತ ನೀನು ಹಿಂದೆ ನಕ್ಕಿದ್ದೆ. ವಾರಕ್ಕೆರಡು ಮಧ್ಯಾಹ್ನ, ಕಾಲೇಜಿನ ಲೈಬ್ರರಿ ಮೇಲಿನ ಉದ್ದನೆಯ ಕೋಣೆ. ಒಂದು ಫ್ಯಾನು ತಿರುಗುತ್ತದೆ, ಇನ್ನೊಂದು ಬರೀ ಸದ್ದು ಮಾಡುತ್ತದೆ. ಹನ್ನೆರಡು ಜನ ವಿದ್ಯಾರ್ಥಿಗಳು, ಎಲ್ಲರೂ ಮೊದಲನೇ ಪುಟದಲ್ಲೇ ಯಾರನ್ನಾದರೂ ಸಾಯಿಸಿಬಿಡುತ್ತಾರೆ. "ಸ್ವಲ್ಪ ತಾಳ್ರಪ್ಪ, ಆ ಮನುಷ್ಯನಿಗೆ ಒಂದು ಲೋಟ ನೀರಾದ್ರೂ ಕುಡಿಯಕ್ಕೆ ಬಿಡಿ" ಅನ್ನುತ್ತೇನೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಂಡವರ ಮಾತಿಗೆಲ್ಲ ಕಿವಿಕೊಟ್ಟು, ಮನೆಗೆ ಬಂದು ಕೊಲೆ ಕಟ್ಟುತ್ತಿದ್ದ ನಿನ್ನ ತಂಗಿ ಇಪ್ಪತ್ತೊಂದು ಪತ್ತೇದಾರಿ ಕಾದಂಬರಿ ಬರೆದು ಕೊನೆಗೆ ಮೇಡಂ ಆದಳು. ನಾನು ಕಲಿಸುವುದು ಒಂದೇ ಪಾಠ. ಸುಳಿವನ್ನು ಬಚ್ಚಿಡಬೇಡಿ, ಓದುವವನ ಕಣ್ಣೆದುರಿಗೇ ಇಡಿ, ಆದರೆ ಅವನು ನಗುತ್ತಿರುವಾಗ ಇಡಿ.

ಈಗ ನಿನಗೆ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ನನ್ನ ಪ್ರಕಾಶಕರು ನೆನಪಿದ್ದಾರಲ್ಲ, ನೀನು "ಅರ್ಜೆಂಟು" ಅಂತ ಹೆಸರಿಟ್ಟವರು? ಕಳೆದ ತಿಂಗಳು ಫೋನು ಮಾಡಿ, "ಮೇಡಂ, ಅರ್ಜೆಂಟು! ಲಿಫ್ಟು ಹತ್ತನೇ ಮುದ್ರಣಕ್ಕೆ ಹೋಗ್ತಿದೆ" ಅಂದರು. ಲಿಫ್ಟು ಅಂದರೆ ನನ್ನ ಕೊನೆಯ ಪುಸ್ತಕ, ಲಿಫ್ಟಿನಲ್ಲಿ ಹೆಣ ಸಿಗುವ ಕತೆ. ಕೊಲೆಗಾರ ಯಾರು ಅಂತ ಒಬ್ಬ ಓದುಗನಿಗೂ ಗೊತ್ತಾಗಲಿಲ್ಲ ಅಂತ ಎಲ್ಲರೂ ಹೊಗಳಿದ್ದು ಅದನ್ನೇ. "ಹೊಸ ಮುನ್ನುಡಿ ಬರ್ಕೊಡಿ. ನಿಮ್ಮ ಯಜಮಾನ್ರು ಸೋತ್ರಲ್ಲ, ಆ ಜೋಕು ಹಾಕಿ. ಅವರ ಪೆನ್ಸಿಲ್ ಗುರುತಿರೋ ಹಸ್ತಪ್ರತಿ ಸಿಕ್ಕಿದ್ರೆ ಒಂದು ಪುಟದ ಫೋಟೋ ಕೂಡ ಹಾಕೋಣ" ಅಂದರು.

ಆ ಜೋಕು ನಿನಗೂ ಗೊತ್ತು. ಆದರೂ ಪೂರ್ತಿ ಹೇಳುತ್ತೇನೆ, ಮುಂದಿನದಕ್ಕೆ ಬೇಕು. ಇವರು ವಿಮೆ ಕಂಪನಿಯಲ್ಲಿ ಅಪಘಾತಗಳ ತನಿಖೆ ಮಾಡುತ್ತಿದ್ದವರು, ಸುಳ್ಳು ಹಿಡಿಯುವುದೇ ಉದ್ಯೋಗ. ನಾನು ಒಂದು ಕಾದಂಬರಿ ಮುಗಿಸಿದ ತಕ್ಷಣ ಟೈಪು ಮಾಡಿದ ಒಂದು ಪ್ರತಿ ಇವರಿಗೆ. ಕೊಲೆಗಾರ ಯಾರು ಅಂತ ಹೊಳೆದ ಪುಟದಲ್ಲಿ ಅಂಚಿಗೆ ಪೆನ್ಸಿಲಿನಿಂದ "ಇವನೇ" ಅಂತ ಬರೆಯಬೇಕು. ಬಾಯಲ್ಲಿ ಹೇಳುವ ಹಾಗಿಲ್ಲ, ಅದು ನಮ್ಮ ಕರಾರು. ಆಮೇಲೆ ಆ ಪ್ರತಿಯನ್ನು ನಾನು ಒಂದೊಂದೇ ಪುಟ ತಿರುಗಿಸಿ, ಎಲ್ಲಿ ಸಿಕ್ಕಿಬಿದ್ದೆ ಅಂತ ನೋಡಿ, ತಿದ್ದಿ ಪ್ರಕಾಶಕರಿಗೆ ಕಳಿಸುತ್ತಿದ್ದೆ. ಇಪ್ಪತ್ತು ಪುಸ್ತಕದಲ್ಲಿ ಇಪ್ಪತ್ತು ಸಲವೂ ಹಿಡಿದರು. ಒಂದು ಸಲವಂತೂ ಎಂಬತ್ತೆಂಟನೇ ಪುಟದಲ್ಲೇ! ಆ ವಾರ ನಾನು ಇವರ ಜೊತೆ ಮಾತಾಡಿರಲಿಲ್ಲ.

ಲಿಫ್ಟಿನ ಸರದಿ ಬಂದಾಗ ನಾಲ್ಕು ದಿನಕ್ಕೆ ಮುಗಿಸುವವರು ಎರಡು ತಿಂಗಳು ಇಟ್ಟುಕೊಂಡರು. ಬಾಲ್ಕನಿಯಲ್ಲಿ ಕೂತು ಹುಬ್ಬು ಗಂಟಿಕ್ಕಿಕೊಂಡು ಓದುವುದು, ಹಿಂದಕ್ಕೆ ತಿರುಗಿಸುವುದು, ಮತ್ತೆ ಮೊದಲಿಂದ ಶುರುಮಾಡುವುದು. ನಾನು ಕಿಟಕಿಯಿಂದ ನೋಡಿ ಒಳಗೊಳಗೇ ಕುಣಿಯುತ್ತಿದ್ದೆ. ಒಂದು ಭಾನುವಾರ ಬೆಳಿಗ್ಗೆ ಕಟ್ಟನ್ನು ತಂದು ನನ್ನ ಕೈಗಿಟ್ಟು, "ಸೋತೆ ಕಣೇ. ನನ್ನಿಂದಾಗಲಿಲ್ಲ" ಅಂದರು. ಐವತ್ತೆಂಟು ವರ್ಷದ ಹೆಂಗಸು ಹಜಾರದಲ್ಲಿ ಕುಪ್ಪಳಿಸಿದೆ ಅಕ್ಕ! ಕೈ ಹಿಡಿದು ಎಳೆದುಕೊಂಡು ಹೋಗಿ ಐಸ್‌ಕ್ರೀಮ್ ತಿನ್ನಿಸಿದೆ. ಇವರು ನನ್ನ ಮುಖ ನೋಡುತ್ತಾ ತಿಂದರು. ಗುರುತೇ ಇಲ್ಲದ ಪ್ರತಿಯನ್ನು ಯಾಕೆ ತಿರುಗಿಸಬೇಕು? ಟೇಪು ಕಟ್ಟಿ ಬೀರುವಿನ ಮೇಲೆ ಹಾಕಿದೆ. ನನ್ನ ಹತ್ತಿರವಿದ್ದ ಇನ್ನೊಂದು ಪ್ರತಿಯನ್ನು ಹಾಗೇ ಅಚ್ಚಿಗೆ ಕಳಿಸಿದೆ. ಆ ವಾರವೆಲ್ಲ ಇವರು, "ನನ್ನ ಪ್ರತಿ ನೋಡಿದ್ಯೇನೇ?" ಅಂತ ಕೇಳುತ್ತಿದ್ದರು. "ಸೋತವರದ್ದು ಏನು ನೋಡೋದು?" ಅಂತ ರೇಗಿಸುತ್ತಿದ್ದೆ. ಆಮೇಲೆ ಕೇಳುವುದು ಬಿಟ್ಟರು.

ಈ ಕತೆಯನ್ನು ನಾನು ಎಷ್ಟು ವೇದಿಕೆಗಳಲ್ಲಿ ಹೇಳಿದೆನೋ ಲೆಕ್ಕವಿಲ್ಲ. ಇವರು ಮುಂದಿನ ಸಾಲಿನಲ್ಲಿ ಕೂತಿರುತ್ತಿದ್ದರು. ಜನ ನಕ್ಕು ಇವರ ಕಡೆ ತಿರುಗಿದರೆ ಇವರೂ ನಗುತ್ತಿದ್ದರು. ಕೊನೆಕೊನೆಗೆ ಎದ್ದು ನಿಂತು ಎಲ್ಲರಿಗೂ ಕೈಮುಗಿಯುತ್ತಿದ್ದರು. ಎಷ್ಟು ದೊಡ್ಡ ಮನಸ್ಸು ನೋಡಿ ಅಂತ ಜನ ಚಪ್ಪಾಳೆ ತಟ್ಟುತ್ತಿದ್ದರು.

ಮುನ್ನುಡಿಗೆ ಹೂಂ ಅಂದೆ. ಹಸ್ತಪ್ರತಿ ಇಳಿಸುವುದನ್ನು ಮಾತ್ರ ಇವತ್ತು ನಾಳೆ ಅಂತ ಮುಂದೂಡುತ್ತಲೇ ಇದ್ದೆ. ಹಾಗಿರುವಾಗ ಹೋದ ವಾರ ಕ್ಲಾಸಿನಲ್ಲಿ "ಏನನ್ನೋ ಮುಚ್ಚಿಡುತ್ತಿರುವ ಮನುಷ್ಯನ ಬಗ್ಗೆ ಒಂದು ಪುಟ ಬರೆಯಿರಿ" ಅಂತ ಕೊಟ್ಟಿದ್ದೆ. ನಮ್ಮಲ್ಲಿ ಒಬ್ಬ ನರ್ಸಮ್ಮ ಇದ್ದಾಳೆ, ಡ್ಯೂಟಿ ಮುಗಿಸಿ ಅದೇ ಬಟ್ಟೆಯಲ್ಲಿ ಬರುತ್ತಾಳೆ. ಅವಳು ಓದಿದಳು. ಒಬ್ಬ ಮುದುಕ ಎಲ್ಲ ಪ್ರಶ್ನೆಗೂ ನಗುತ್ತಾನೆ. "ನೀನೇ ಹೇಳು" ಅಂತಾನೆ. ಜೇಬಿನ ತುಂಬ ಚೀಟಿ. ಯಾರಾದರೂ ನಕ್ಕರೆ ತಾನೂ ನಗುತ್ತಾನೆ. ಹಲ್ಲಿನ ಡಾಕ್ಟರು, "ಕೊಲೆ ಮಾಡಿದಾನೆ!" ಅಂದರು. ಇನ್ನೊಬ್ಬರು ಎರಡನೇ ಸಂಸಾರ ಅಂದರು. ನಾನು ಮೇಷ್ಟರ ಗತ್ತಿನಲ್ಲಿ, "ಅವನಿಗೆ ಮರೆವು. ಗುಟ್ಟು ತೀರಾ ಬಯಲಾಗಿದೆಯಮ್ಮ, ಎರಡನೇ ಸಾಲಿಗೇ ಗೊತ್ತಾಗ್ಬಿಡತ್ತೆ" ಅಂದೆ. ಅವಳು, "ಓದೋರಿಗೆ ಗೊತ್ತಾಗತ್ತೆ ಮೇಡಂ. ಮನೆಯವರಿಗೆ ಗೊತ್ತಾಗಲ್ಲ" ಅಂದಳು. ಚುಚ್ಚಬೇಕು ಅಂತ ಹೇಳಿದ್ದಲ್ಲ, ನಮ್ಮ ಮನೆ ವಿಷಯ ಅವಳಿಗೆ ಗೊತ್ತೂ ಇಲ್ಲ. ವಾರ್ಡಿನಲ್ಲಿ ದಿನಾ ನೋಡುವುದನ್ನು ಹೇಳಿದಳು.

ಮನೆಗೆ ಬಂದವಳೇ ಚಪ್ಪಲಿ ಕೂಡ ಬಿಡದೆ ಕುರ್ಚಿ ಹತ್ತಿ ಕಟ್ಟು ಇಳಿಸಿದೆ. "ಇವನೇ" ಅನ್ನುವುದು ಎಲ್ಲೂ ಇಲ್ಲ. ಅದರ ಬದಲು ಮೊದಲ ಪುಟದ ಮೇಲ್ತುದಿಯಲ್ಲಿ ಒಂಬತ್ತು ತಾರೀಖುಗಳಿವೆ, ಒಂದರ ಕೆಳಗೊಂದು. ಒಂಬತ್ತು ಸಲ ಮೊದಲಿಂದ ಶುರುಮಾಡಿದ್ದಾರೆ. ಅಂಚಿನ ತುಂಬ ಪೆನ್ಸಿಲು. "ಇವನು ಯಾರು?" "ಹಿಂದೆ ನೋಡು." "ಲಿಫ್ಟ್ ರಿಪೇರಿಯವನು, ಸತ್ತವಳ ತಮ್ಮ ಒಬ್ಬನೇನಾ?" ಒಂದೇ ಪಾತ್ರದ ಪಕ್ಕದಲ್ಲಿ ಪ್ರತಿ ಪುಟದಲ್ಲೂ "ಇವನು ಯಾರು?" ನಲವತ್ತನೇ ಪುಟದ ತನಕ ಹೀಗೆ. ಆಮೇಲೆ ಎಲ್ಲ ಖಾಲಿ, ಹಾಳೆಗಳು ಅಂಟಿಕೊಂಡ ಹಾಗೇ ಇವೆ. ಅಂದರೆ ಇವರು ಸೋಲಲಿಲ್ಲ ಅಕ್ಕ. ಇವರು ನನ್ನ ಪುಸ್ತಕವನ್ನು ಓದಲೇ ಇಲ್ಲ, ಓದಲಾಗಲಿಲ್ಲ. ಅದು ನಿನ್ನ ಮೊಮ್ಮಗಳ ಹುಟ್ಟುಹಬ್ಬಕ್ಕೂ ಎರಡು ವರ್ಷ ಹಿಂದೆ. ನಾನು ಅದನ್ನೇ ಗೆಲುವು ಅಂತ ಊರೆಲ್ಲ ಸಾರಿಕೊಂಡು ಬಂದೆ.

ಅರ್ಜೆಂಟು ಅವರಿಗೆ ಮರುದಿನವೇ ಫೋನು ಮಾಡಿ, ಮುನ್ನುಡಿ ಬರೆಯುವುದಿಲ್ಲ, ಆ ಜೋಕನ್ನು ಇನ್ನು ನೀವೂ ಎಲ್ಲೂ ಹೇಳಬೇಡಿ ಅಂದೆ. "ಯಾಕೆ ಮೇಡಂ, ಜನಕ್ಕೆ ಅದೇ ಇಷ್ಟ" ಅಂದರು. ಹಸ್ತಪ್ರತಿ ಗೆದ್ದಲು ತಿಂದಿದೆ ಅಂತ ಹೇಳಿ ಫೋನಿಟ್ಟೆ.

ಕಾಗದ ಉದ್ದವಾಯಿತು, ನಿನ್ನ ಕಣ್ಣಿಗೆ ಆಯಾಸ ಬೇಡ. ಹನಿ ಔಷಧಿ ಮರೆಯದೆ ಹಾಕಿಕೋ. ಮೊಮ್ಮಗಳಿಗೆ ನನ್ನ ಆಶೀರ್ವಾದ ಹೇಳು, ಚೆನ್ನಾಗಿ ಓದಲಿ, ಪತ್ತೇದಾರಿ ಕಾದಂಬರಿ ಮಾತ್ರ ಬರೆಯದಿರಲಿ. ಸಾಧ್ಯವಾದರೆ ಒಂದು ಸಲ ಬಾ ಅಕ್ಕ. ಇವರು ಭಾವನನ್ನು ಕೇಳಿದರೆ ಈ ಸಲ ನಾನೇ ಉತ್ತರ ಕೊಡುತ್ತೇನೆ. ದೊಡ್ಡವಳು ನೀನು, ಅಲ್ಲಿಂದಲೇ ನನ್ನ ತಲೆ ಮೇಲೊಂದು ಕೈಯಿಡು.

ನಿನ್ನ
ಪುಟ್ಟಿ

ಮತ್ತೆ: ಕವರು ಅಂಟಿಸಿದ್ದೆ, ಒಡೆದು ಬರೆಯುತ್ತಿದ್ದೇನೆ. ನಲವತ್ತನೇ ಪುಟದ ನಂತರ ಎಲ್ಲ ಖಾಲಿ ಅಂತ ಮೇಲೆ ಬರೆದೆನಲ್ಲ, ಅದು ಸುಳ್ಳು. ನಿನ್ನ ಹತ್ತಿರ ನಡೆಯುವುದಿಲ್ಲ ಅಂತ ಗೊತ್ತಿದ್ದೂ ಬರೆದೆ. ನಲವತ್ತೊಂದನೇ ಪುಟದ ಅಂಚಿನಲ್ಲಿ ಇವರು ಹೀಗೆ ಬರೆದಿದ್ದಾರೆ:

"ಏನೇ, ಕತೆ ತಲೆಯಲ್ಲಿ ನಿಲ್ತಿಲ್ಲ. ನಿನ್ನೆ ಓದಿದ್ದು ಇವತ್ತು ಇರಲ್ಲ. ಮನೆ ದಾರಿ ಎರಡು ಸಲ ತಪ್ಪಿತು. ಬಾಯಲ್ಲಿ ಹೇಳಕ್ಕೆ ಹೆದರಿಕೆ. ಗುರುತು ಹುಡುಕ್ಕೊಂಡು ಇಲ್ಲಿಗೆ ನೀನು ಬಂದೇ ಬರ್ತೀಯ. ಓದಿದ ಮೇಲೆ ನೀನೇ ಮಾತು ತೆಗಿ, ನಾನು ಕಾಯ್ತಿರ್ತೀನಿ."

ನಿನ್ನೆ ಮಧ್ಯಾಹ್ನ ಆ ಹಾಳೆಯನ್ನು ಇವರ ಕೈಗೆ ಕೊಟ್ಟೆ. ಅಂಚಿನಲ್ಲಿದ್ದುದನ್ನು ಪೇಪರ್ ಓದುವ ಹಾಗೆ ಗಟ್ಟಿಯಾಗಿ ಪೂರ್ತಿ ಓದಿದರು. ಓದಿ, "ಪಾಪ, ಯಾರೋ ತುಂಬಾ ಹೆದರಿದಾರೆ. ಅವರ ಮನೆಯವರು ಇದನ್ನ ನೋಡಿದ್ರಂತಾ?" ಅಂತ ಕೇಳಿದರು.

"ನೋಡಿದ್ರು" ಅಂದೆ.

"ಬೇಗ ನೋಡಿದ್ರಾ?"

"ಹೂಂ, ಅವತ್ತೇ ನೋಡಿದ್ರು" ಅಂದೆ.

"ಸದ್ಯ" ಅಂದು, ಹಾಳೆಯನ್ನು ನೀಟಾಗಿ ಮಡಿಸಿ ನನಗೆ ವಾಪಸು ಕೊಟ್ಟರು.