ಪಡುಗಾಳಿ ಏಳುವವರೆಗೆ

ದೇವಬಾಗ, ಕಾರವಾರ
ಭಾನುವಾರ, ೧೪ ಡಿಸೆಂಬರ್ ೨೦೨೫

ಪ್ರೀತಿಯ ಮಂದಾಕಿನಿಗೆ,

ನಿನ್ನ ಕಾಶಿಯ ನಮಸ್ಕಾರ. ಅಗಸೂರಿನಲ್ಲಿ ಎಲ್ಲರೂ ಆರಾಮ ಇದ್ದೀರಿ ಎಂದುಕೊಂಡೇ ಬರೆಯುತ್ತಿದ್ದೇನೆ. ದೀಪಾವಳಿಗೆ ನೀನು ಮೊಮ್ಮಗಳು ನಿಶಾಳ ಕೈಲಿ ಕಳಿಸಿದ ಹಣತೆಯ ಫೋಟೊ ನನ್ನ ಮೊಬೈಲಿಗೆ ಬಂತು. ಉತ್ತರ ಈಗ ಬರೆಯುತ್ತಿದ್ದೇನೆ, ಬಯ್ಯಬೇಡ. ಫೋನ್ ಮಾಡಿದರೆ ಎರಡು ಮಾತಿಗೆ ನನಗೆ ಏದುಸಿರು ಬರುತ್ತದೆ. ಮೂರನೆಯ ಮಾತಿಗೆ ನೀನು, ಸಾಕು ಮಾರಾಯ್ತಿ, ಸುಸ್ತಾಗ್ತದೆ ನಿಂಗೆ ಎಂದು ಇಟ್ಟುಬಿಡುತ್ತೀ. ಬರೆಯುವುದಕ್ಕೆ ಉಸಿರು ಬೇಡ. ಅಂಗನವಾಡಿಯಲ್ಲಿ ಇಷ್ಟು ವರ್ಷ ವರದಿ ಗೀಚಿದ ಕೈ, ಇನ್ನೂ ಗಟ್ಟಿ ಇದೆ.

ನಮ್ಮ ಮನೆಯಲ್ಲಿ ಈಗ ಬ್ಯಾಟರಿಯದೇ ಮಾತು. ಊಟಕ್ಕೆ ಕೂತರೆ ಬ್ಯಾಟರಿ, ಮೀನು ಹೆಚ್ಚುವಾಗ ಬ್ಯಾಟರಿ. ನಗಬೇಡ, ಕೇಳು.

ನನ್ನ ಮೂಗಿನ ಪೈಪಿನ ಇನ್ನೊಂದು ತುದಿಯಲ್ಲಿ ಆಕ್ಸಿಜನ್ ಮಶಿನ್ ಇದೆಯಲ್ಲ, ಚೌತಿಗೆ ಬಂದಾಗ ನೀನೂ ನೋಡಿದ್ದೀ. ಅದಕ್ಕೆ ಕರೆಂಟು ಬೇಕು. ಪೈಪು ಜಗಲಿಯವರೆಗೆ ಬರುತ್ತದೆ, ಅಲ್ಲಿಗೆ ನನ್ನ ಸರಹದ್ದು ಮುಗಿಯಿತು. ಮನೆಯ ಹಿಂದೆಯೇ ಸಮುದ್ರ, ಸದ್ದು ಕೇಳುತ್ತದೆಯೇ ಹೊರತು ನೀರು ಕಾಣುವುದಿಲ್ಲ. ಒಂದು ದಿನ ಬೇಸರ ಹತ್ತಿ ನಮ್ಮ ಯಜಮಾನರಿಗೆ ಹೇಳಿದೆ: ಅಪ್ಪನ ಹಾಯಿದೋಣಿಯಲ್ಲಿ ಇನ್ನೊಮ್ಮೆ ಹೊಳೆಯ ಅಳಿವೆ ದಾಟಬೇಕು, ಕೂರ್ಮಗಡ ದ್ವೀಪದ ಹತ್ತಿರ ನಿಂತು ನಮ್ಮ ಮನೆ ಎಷ್ಟು ಸಣ್ಣದಾಗಿ ಕಾಣುತ್ತದೆ ನೋಡಬೇಕು. ಮರುದಿನ ನೋಡಿದರೆ ಇವರು ದೋಣಿ ಮಗುಚಿ ಹಾಕಿಕೊಂಡು ತಳ ಉಜ್ಜುತ್ತಿದ್ದರು.

ಒಂದೆರಡು ತಾಸಷ್ಟೇ ಬರುವ ಬಾಡಿಗೆ ಸಿಲಿಂಡರ್ ಹಚ್ಚಿಕೊಂಡು ಹೋಗಿ ಡಾಕ್ಟರರನ್ನು ಕೇಳಿದೆವು. ಡೀಸೆಲ್ ಹೊಗೆ ಈ ಪುಪ್ಪಸಕ್ಕೆ ಆಗುವುದೇ ಇಲ್ಲ, ಇಂಜಿನ್ ದೋಣಿ ಬೇಡ ಎಂದರು. ಹಾಯಿದೋಣಿ ಎಂದಾಗ, ಈ ಚಳಿಗಾಲದಲ್ಲೇ ಹೋಗಿ ಬನ್ನಿ, ಆಪತ್ತಿಗೆ ಒಂದು ಸಣ್ಣ ಸಿಲಿಂಡರ್ ಜೊತೆಗಿರಲಿ ಎಂದರು. ಈ ಚಳಿಗಾಲದಲ್ಲೇ ಎಂದದ್ದು ಯಾಕೆ ಎಂದು ನಾನು ಕೇಳಲಿಲ್ಲ, ಇವರೂ ಕೇಳಲಿಲ್ಲ. ಬರುವಾಗ ಬಸ್ಸಿನಲ್ಲಿ ಇಬ್ಬರೂ ಬಾಂಗಡೆಯ ರೇಟಿನ ವಿಷಯ ಮಾತಾಡಿದೆವು.

ಹಾಯಿ ಎಂದ ಮೇಲೆ ಗಾಳಿಯ ಮರ್ಜಿ. ಬೆಳಿಗ್ಗೆ ನೆಲದ ಕಡೆಯ ಮೂಡಗಾಳಿಗೆ ಹೋಗುವುದು, ಮಧ್ಯಾಹ್ನ ಕಡಲ ಕಡೆಯ ಪಡುಗಾಳಿ ಎದ್ದಮೇಲೆ ತಿರುಗಿ ಬರುವುದು. ನಡುವೆ ಗಾಳಿ ಬೀಳುತ್ತದೆ, ದೋಣಿ ನಿಂತಲ್ಲೇ ನಿಲ್ಲುತ್ತದೆ. ಗಾಳಿ ಬಂದಾಗ ತೂರಿಕೋ ಎನ್ನುವುದು ನಿಮ್ಮ ಗದ್ದೆಯವರ ಗಾದೆ. ನಮ್ಮ ಕಡಲಿನವರಿಗೆ ಗಾಳಿ ಬಂದಾಗ ಮನೆ ಸೇರಿಕೋ. ಅಂದರೆ ಪಡುಗಾಳಿ ಏಳುವವರೆಗೆ, ಆಮೇಲೆ ದಡ ಮುಟ್ಟುವವರೆಗೆ, ದೋಣಿಯಲ್ಲಿ ನನ್ನ ಮಶಿನ್ ನಡೆಯಬೇಕು. ಗಾಳಿ ಎಷ್ಟು ಹೊತ್ತಿಗೆ ಏಳುತ್ತದೆ ಎಂದು ಯಾವ ಬ್ಯಾಟರಿ ಕಂಪನಿ ಬರೆದು ಕೊಡುತ್ತದೆ ಹೇಳು.

ಮೊದಲು ಇವರು ಮನೆಯ ಇನ್ವರ್ಟರ್ ಬ್ಯಾಟರಿಯನ್ನೇ ಹೊತ್ತೊಯ್ಯಲು ಹೊರಟರು. ನಾನು ಬಿಡಲಿಲ್ಲ. ಈಗ ನನಗೆ ಕೂತಲ್ಲೇ ಕೆಲಸವಲ್ಲವೇ, ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಅರ್ಧ ಇಂಜಿನಿಯರ್ ಆಗಿದ್ದೇನೆ. ಯಾವುದೋ ದೇಶದ ಗಡ್ಡದವನೊಬ್ಬ ಹಾಯಿದೋಣಿಯಲ್ಲೇ ಸಂಸಾರ ಮಾಡುತ್ತಾನೆ, ಬ್ಯಾಟರಿಯ ಹೊಟ್ಟೆ ಬಿಚ್ಚಿ ತೋರಿಸುತ್ತಾನೆ. ಅವನ ಮಾತು ಕಾಲುಭಾಗ ತಿಳಿಯುತ್ತದೆ, ಉಳಿದದ್ದನ್ನು ಅವನ ಕೈ ನೋಡಿ ತಿಳಿದುಕೊಳ್ಳುತ್ತೇನೆ. ಆಸಿಡ್ ಬ್ಯಾಟರಿ ಹೆಣಭಾರ, ದೋಣಿ ವಾಲಿದರೆ ಚೆಲ್ಲುತ್ತದೆ, ಉಪ್ಪುನೀರು ಸೇರಿದರೆ ವಿಷದ ಗಾಳಿ ಬರುತ್ತದೆ. ನನಗೆ ಇರುವ ಗಾಳಿಯೇ ಸಾಲದು, ವಿಷದ್ದು ಬೇರೆ ಯಾಕೆ?

ಹಾಗಾಗಿ ಲಿಥಿಯಂ. ಅಂಕೋಲಾ ಬಸ್‌ಸ್ಟ್ಯಾಂಡಿನ ಹಿಂದೆ ಇನ್ವರ್ಟರ್ ರಿಪೇರಿ ಮಾಡುವ ಸಂದೇಶ ಎಂಬವನನ್ನು ಇವರು ಹಿಡಿದರು. ಲಿಥಿಯಂನಲ್ಲೂ ಎರಡು ಮನೆತನವಂತೆ. ಒಂದು ಸ್ಕೂಟರಿನಲ್ಲಿ ಹಾಕುವಂಥದ್ದು. ಹಗುರ, ಆದರೆ ಮುಂಗೋಪಿ, ಕೆಟ್ಟರೆ ಉರಿದುಹೋಗುತ್ತದೆ. ಇನ್ನೊಂದು ಕಬ್ಬಿಣ, ಫಾಸ್ಫೇಟ್ ಸೇರಿದ್ದು. ಸ್ವಲ್ಪ ಭಾರ, ಸಮಾಧಾನದ ಸ್ವಭಾವ, ವರ್ಷಗಟ್ಟಲೆ ಬಾಳುತ್ತದೆ. ಇವರಿಗೆ ಹಳೆಯ ಸ್ಕೂಟರ್ ಬ್ಯಾಟರಿಯ ಮೇಲೆ ಕಣ್ಣು, ಅಗ್ಗ ನೋಡು. ಆಕ್ಸಿಜನ್ ಪಕ್ಕದಲ್ಲಿ ಮುಂಗೋಪಿಯನ್ನು ಕೂರಿಸುತ್ತೀರಾ, ಅಗ್ಗಕ್ಕೆ ಮುಗ್ಗಿದ ಜೋಳ ತರುತ್ತೀರಾ ಎಂದು ನಾನು ಕೇಳಿದೆ. ಕೊನೆಗೆ ಸಮಾಧಾನದ ಮನೆತನದ ಹೊಸ ಸೆಲ್ಲುಗಳನ್ನೇ ತರಿಸಿ ಸಂದೇಶ ಪೆಟ್ಟಿಗೆ ಕಟ್ಟಿಕೊಟ್ಟ. ಕಂಪನಿಯ ರೆಡಿ ಪೆಟ್ಟಿಗೆಗಿಂತ ಎಷ್ಟೋ ಕಡಿಮೆಗೆ ಆಯಿತು. ಒಳಗೆ ಒಂದು ಕಾವಲು ಬೋರ್ಡು ಇದೆ. ಏನಾದರೂ ಎಡವಟ್ಟಾದರೆ ಅದು ಬಾಗಿಲು ಹಾಕಿಕೊಂಡು ಬಿಡುತ್ತದೆ.

ಎಡವಟ್ಟು ಮೊದಲ ದಿನವೇ ಆಯಿತು. ನಮ್ಮಲ್ಲಿ ದೋಣಿಗೆ ಹೊಸದೇನೇ ಹತ್ತಲಿ, ಬಲೆಯಾಗಲಿ ಲಂಗರಾಗಲಿ, ಕಾಯಿ ಒಡೆದು ನೀರು ಹಾಕದೆ ಹತ್ತಿಸುವುದಿಲ್ಲ. ನಾನು ಒಳಗಿದ್ದೆ. ಇವರು ಸ್ನಾನ ಮಾಡಿ, ಪೆಟ್ಟಿಗೆಯ ಮುಚ್ಚಳ ತೆಗೆದು ಹೂ ಇಟ್ಟು, ಅದರ ನೆತ್ತಿಯ ಮೇಲೆಯೇ ಭಕ್ತಿಯಿಂದ ಕಾಯಿ ಒಡೆದರು. ಚಟ್ ಚಟ್ ಎಂದಿತು, ಆಮೇಲೆ ಮೌನ. ಹೊರಗೆ ಬಂದು ನೋಡಿದರೆ ಎರಡು ಕೈಯಲ್ಲಿ ಕಾಯಿಯ ಎರಡು ಕಡಿ ಹಿಡಿದು ಕಲ್ಲಾಗಿ ನಿಂತಿದ್ದರು. ನನಗೆ ನಗು ತಡೆಯಲಾಗಲಿಲ್ಲ, ನಕ್ಕಿದ್ದಕ್ಕೆ ಕೆಮ್ಮು, ಕೆಮ್ಮಿಗೆ ಇವರಿಗೆ ಇನ್ನಷ್ಟು ಗಾಬರಿ.

ಪೆಟ್ಟಿಗೆ ಮತ್ತೆ ಅಂಕೋಲೆಗೆ ಹೋಯಿತು. ಸಂದೇಶ ತೊಳೆದು, ಒರೆಸಿ, ಫ್ಯಾನಿಗೆ ಒಣಗಿಸಿ ಚಾರ್ಜರ್ ಹಚ್ಚಿದ, ಎದ್ದು ಕೂತಿತು. ಕಾವಲು ಬೋರ್ಡು ಬಾಗಿಲು ಹಾಕಿಕೊಂಡಿದ್ದರಿಂದ ಬಚಾವು.

“ಬಾಬು ಮಾಮಾ, ಕಾಯಿ ದೋಣಿಗೆ ಒಡೀರಿ. ಇದ್ಕೆ ಕುಂಕುಮ ಹಚ್ಚಿದ್ರೆ ಸಾಕು,” ಎಂದನಂತೆ ಇವರಿಗೆ.

ಇನ್ನೊಂದು ಮಾತನ್ನೂ ಅವನು ಹೇಳಿ ಕಳಿಸಿದ. ಹಳೆಯ ಬ್ಯಾಟರಿ ಮುಗಿಯುತ್ತಾ ಬಂದರೆ ದೀಪ ಮಂಕಾಗಿ ಮುನ್ಸೂಚನೆ ಕೊಡುತ್ತದೆ. ಲಿಥಿಯಂ ಹಾಗಲ್ಲ. ಕೊನೆಯವರೆಗೂ ಒಂದೇ ಬೆಳಕು, ಆಮೇಲೆ ಒಮ್ಮೆಲೇ ಇಲ್ಲ. ಆದ್ದರಿಂದ ದೀಪ ನೋಡಿ ನಂಬಬೇಡಿ, ಮೀಟರ್ ಹಾಕಿಸಿ ಎಂದ. ಹಾಕಿಸಿದೆವು. ಆದರೆ ನಿಜ ಹೇಳುತ್ತೇನೆ ಮಂದಾ, ಅದನ್ನು ಕೇಳಿ ನನಗೆ ಆ ಪೆಟ್ಟಿಗೆಯ ಮೇಲೆ ಹೊಟ್ಟೆಕಿಚ್ಚಾಯಿತು. ನಾನು ಹಳೆಯ ಬ್ಯಾಟರಿಯ ಜಾತಿ, ದಿನಾ ಸ್ವಲ್ಪ ಸ್ವಲ್ಪ ಮಂಕಾಗುತ್ತೇನೆ, ಎಲ್ಲರೂ ನೋಡುತ್ತಾರೆ.

ಮೊನ್ನೆ ಪರೀಕ್ಷೆ ಮಾಡಿದೆವು. ಬೆಳಗಿನ ಚಾ ಮುಗಿಸಿ, ಮಶಿನನ್ನು ಗೋಡೆಯ ಪ್ಲಗ್ಗಿನಿಂದ ಬಿಡಿಸಿ ಪೆಟ್ಟಿಗೆಗೆ ಹಚ್ಚಿ, ಜಗಲಿಯನ್ನೇ ದೋಣಿ ಎಂದುಕೊಂಡು ಕೂತೆವು. ಇವರು ಮೀಟರ್ ನೋಡುತ್ತಿದ್ದರು, ನಾನು ತೆಂಗಿನ ಗರಿ ನೋಡುತ್ತಿದ್ದೆ. ಬೆಳಿಗ್ಗೆ ಗರಿ ಸಮುದ್ರದ ಕಡೆ ಬಾಗಿರುತ್ತದೆ. ಆಮೇಲೆ ಗಾಳಿ ಬಿದ್ದು ಅಲ್ಲಾಡದೆ ನಿಂತಿತು. ಎಷ್ಟು ಹೊತ್ತೋ. ಅಷ್ಟು ಕುತೂಹಲದಿಂದ ನಾನು ಏನನ್ನೂ ಕಾದಿರಲಿಲ್ಲ, ಎಸ್ಸೆಸ್ಸೆಲ್ಸಿ ರಿಸಲ್ಟನ್ನೂ ಸಹ. ಊಟವಾಗಿ ಬಟ್ಟಲು ತೊಳೆಯುವ ಹೊತ್ತಿಗೆ ಗರಿಯ ತುದಿ ಒಮ್ಮೆ ನಡುಗಿತು, ಮತ್ತೆ ಇಡೀ ಮರ ನಮ್ಮ ಕಡೆ ತಿರುಗಿತು. ಮಶಿನ್ ನಡೆಯುತ್ತಲೇ ಇತ್ತು, ಮೀಟರಿನಲ್ಲಿ ದಡ ಮುಟ್ಟುವಷ್ಟು ಇನ್ನೂ ಉಳಿದಿತ್ತು. ಇವರು ಹೆಗಲ ಮೇಲಿನ ಪಂಚೆ ತೆಗೆದು ಕಣ್ಣು ಒರೆಸಿಕೊಂಡರು. ಬೆವರು ಎಂದರು, ನಾನೂ ಬೆವರೇ ಎಂದೆ.

ಈಗ ನಮ್ಮಿಬ್ಬರಿಗೆ ಒಂದೇ ಜಗಳ. ಇನ್ನೂ ಒಂದು ಅಂಥದ್ದೇ ಪೆಟ್ಟಿಗೆ ಕಟ್ಟಿಸಿ ಎನ್ನುತ್ತೇನೆ ನಾನು.

“ಎಂತಕೆ ಎರಡು? ಒಂದೇ ಸಾಲ್ತದೆ ಅಂತ ನೀನೇ ಕಂಡ್ಯಲ್ಲ,” ಎಂದರು ಇವರು.

ಇರಲಿ ಬಿಡಿ, ಆಚೆ ಮಗ್ಗುಲಿಗೊಂದು ಈಚೆ ಮಗ್ಗುಲಿಗೊಂದು ಇಟ್ಟರೆ ದೋಣಿ ಸಮ ನಿಲ್ಲುತ್ತದೆ ಎಂದೆ. ದೋಣಿಯ ಪಾಠ ನನಗೇ ಹೇಳುತ್ತೀಯಾ ಎಂಬಂತೆ ನೋಡಿದರು. ಆದರೂ ನಿನ್ನೆ ಅಂಕೋಲೆಗೆ ಹೋಗಿ ಹೇಳಿಬಂದಿದ್ದಾರೆ. ಹೊಸ ವರ್ಷದ ಪ್ರವಾಸಿಗರ ಗಲಾಟೆ ಮುಗಿದು, ಸಂಕ್ರಾಂತಿಯ ಮೊದಲು, ಒಂದು ಒಳ್ಳೆಯ ದಿನ ಹೊರಡುವುದು ಎಂದಾಗಿದೆ.

ನಿನಗೆ ನೆನಪಿದೆಯೇ, ಕುಮಟೆಯ ಅಂಗನವಾಡಿ ಟ್ರೇನಿಂಗ್ ಮುಗಿದ ವಾರ ಅಪ್ಪ ನಮ್ಮಿಬ್ಬರನ್ನು ಇದೇ ದೋಣಿಯಲ್ಲಿ ಕರೆದೊಯ್ದದ್ದು? ಅಳಿವೆ ದಾಟುವ ಮೊದಲೇ ನೀನು ವಾಂತಿ ಮಾಡಿ, ಸತ್ತರೂ ಇನ್ನು ನೀರಿಗೆ ಇಳಿಯೆ ಎಂದು ಅಪ್ಪನ ಎದುರು ಆಣೆ ಹಾಕಿದ್ದೆ. ಅಪ್ಪ ಬಹಳ ದಿನ ಅದನ್ನೇ ಹೇಳಿ ನಗುತ್ತಿದ್ದರು.

ನಿನ್ನ ಮನೆಯವರಿಗೆ ನಮಸ್ಕಾರ ತಿಳಿಸು. ನಿಶಾ ಚೆನ್ನಾಗಿ ಓದಲಿ, ನೀರಿಗೆ ಹೆದರದ ಹುಡುಗಿಯಾಗಲಿ ಎಂದು ಈ ಅಜ್ಜಿಯ ಆಶೀರ್ವಾದ. ನಿನ್ನ ಗದ್ದೆ, ಗೇರು, ಮಾವು ಎಲ್ಲವೂ ಈ ವರ್ಷ ಕೈಹಿಡಿಯಲಿ.

ನಿನ್ನ,
ಕಾಶಿ

ತಾ.ಕ.: ಎರಡನೆಯ ಪೆಟ್ಟಿಗೆ ಯಾಕೆಂದು ಇವರಿಗೆ ಹೇಳಿಲ್ಲ, ನಿನಗೆ ಹೇಳುತ್ತೇನೆ. ಅದು ನಿನ್ನ ಪಾಲಿನದು. ನೀನೂ ಜೊತೆಗೆ ಕೂತರೆ ದೋಣಿ ಭಾರವಾಗುತ್ತದೆ, ತಿರುಗಿ ಬರಲು ಹೊತ್ತಾಗುತ್ತದೆ. ಚೌತಿಗೆ ಬಂದವಳು ನನ್ನ ಮೂಗಿನ ಪೈಪು ಕಂಡು, ಬಾಗಿಲಲ್ಲೇ ನಿಂತು ಅತ್ತು, ಚಾ ಕೂಡ ಕುಡಿಯದೆ ಹೋದೆ. ಮತ್ತೆ ಬರಲಿಲ್ಲ. ಕರೆದರೆ ನೀನು ಒಮ್ಮೆ ಗದ್ದೆ ಕೊಯ್ಲು ಎಂದೆ, ಒಮ್ಮೆ ಮೊಣಕಾಲು ಎಂದೆ, ನಾನೂ ಹೌದು ಹೌದು ಎಂದೆ. ಉಸಿರು ಸಾಲದ್ದಕ್ಕಿಂತ ಅದು ನನಗೆ ಹೆಚ್ಚು ನೋಯುತ್ತದೆ ಮಂದಾ. ನಾನು ಹೋದ ಸುದ್ದಿ ಕೇಳಿದರೆ ನೀನು ಮೊದಲ ಬಸ್ಸಿಗೇ ಬರುತ್ತೀ, ಗೊತ್ತು. ಆಗ ಬಂದು ನನಗೇನು? ಈಗ ಬಾ. ವಾಂತಿ ಬಂದರೆ ಮೂಸಲು ಲಿಂಬೆಹಣ್ಣು ತರಿಸಿಡುತ್ತೇನೆ.